ಮೂರು ಎಂಜಿನ್ನಿನ ದೊಡ್ಡ ವಿಮಾನಗಳು: ನಮ್ಮೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಲ್ಲಿಯ ಒಂದು ಏರ್‌ಪೋರ್ಟಿನಲ್ಲಿ ಕೇಟರಿಂಗ್ ಲಾರಿಯ ಕೆಲಸ ಮಾಡಿದವನು. ಈಗ ಕುಂಬಳೆ ಹತ್ತಿರ ಮನೆ, ಸ್ವಲ್ಪ ಅಡಿಕೆ ತೋಟ. ಮದುವೆ ಊಟದ ಪಂಕ್ತಿಯಲ್ಲಿ, ವಾಚನಾಲಯದಲ್ಲಿ, ಬದಿಯಡ್ಕದ ಬಸ್ಸಿನಲ್ಲಿ ಎಲ್ಲಿ ಸಿಕ್ಕಿದರೂ ಜನ ಆ ಹಳೇ ವಿಮಾನಗಳ ವಿಷಯ ಎತ್ತುತ್ತಾರೆ. ಒಂದು ಕಾಲದಲ್ಲಿ ಅರ್ಧ ಊರೇ ಅದರಲ್ಲಿ ಹೋಗಿ ಬಂದಿತ್ತು, ಅಲ್ವಾ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಓದುವಾಗ ಒಂದು ವಿಷಯ ಗಮನಿಸಿ: ಈ ವಿಮಾನಗಳ ಗುಣ, ದೋಷ, ಚಂದ, ಸಾವು ಎಲ್ಲವೂ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಮೂರನೇ ಎಂಜಿನನ್ನು ಎಲ್ಲಿಡುವುದು?

ಮೂರು ಎಂಜಿನ್ನಿನ ದೊಡ್ಡ ವಿಮಾನ ಅಂದರೆ ಯಾವುವು?

ಮೂರೇ ಮೂರು. ಮೆಕ್‌ಡೊನೆಲ್ ಡಗ್ಲಾಸ್ ಕಂಪನಿಯ ಡಿಸಿ-10, ಲಾಕ್‌ಹೀಡ್ ಕಂಪನಿಯ ಎಲ್-1011 ಟ್ರೈಸ್ಟಾರ್, ಮತ್ತೆ ಡಿಸಿ-10ರ ತಮ್ಮನಂತೆ ಬಂದ ಎಂಡಿ-11. ಬೋಯಿಂಗ್ 727ಕ್ಕೂ ಮೂರು ಎಂಜಿನ್ ಇತ್ತು, ಆದರೆ ಒಳಗೆ ಓಡಾಡಲು ದಾರಿ ಒಂದೇ. ಇಲ್ಲಿ ಹೇಳುವುದು ಎರಡು ದಾರಿ ಇರುವ ಅಗಲ ವಿಮಾನಗಳ ವಿಷಯ.

ಎರಡಲ್ಲ, ನಾಲ್ಕಲ್ಲ, ಮೂರೇ ಯಾಕೆ?

1966ರಲ್ಲಿ ಅಮೆರಿಕನ್ ಏರ್‌ಲೈನ್ಸಿನ ಎಂಜಿನಿಯರ್ ಫ್ರಾಂಕ್ ಕೋಲ್ಕ್ ತಮಗೆ ಬೇಕಾದ ವಿಮಾನ ಹೇಗಿರಬೇಕು ಅಂತ ಬರೆದು ಕೊಟ್ಟರು. ಅವರು ಕೇಳಿದ್ದು ಎರಡೇ ಎಂಜಿನ್. ಬೋಯಿಂಗ್ 747ಕ್ಕಿಂತ ಚಿಕ್ಕದಾಗಿರಬೇಕು, ನ್ಯೂಯಾರ್ಕಿನ ಲಾಗಾರ್ಡಿಯಾದಂಥ ಗಿಡ್ಡ ರನ್‌ವೇಯಲ್ಲೂ ಏರಿ ಇಳಿಯಬೇಕು, ಜನ ಮಾತ್ರ ಜಾಸ್ತಿ ಹಿಡಿಯಬೇಕು.

ಉಳಿದ ಏರ್‌ಲೈನ್ ಕಂಪನಿಗಳು ಒಪ್ಪಲಿಲ್ಲ. ಒಬ್ಬರಿಗೆ ಎತ್ತರದ ಡೆನ್ವರ್‌ನಿಂದ ಬಿಸಿಲಿನಲ್ಲಿ ಏರುವ ಚಿಂತೆ. ಇನ್ನೊಬ್ಬರಿಗೆ ಕೆರಿಬಿಯನ್ ಸಮುದ್ರ ದಾಟುವ ಚಿಂತೆ. ಸಮುದ್ರದ ಚಿಂತೆಗೆ ಕಾರಣ ಒಂದು ಕಾನೂನು. ಎರಡು ಎಂಜಿನ್ನಿನ ವಿಮಾನ ದಾರಿಯಲ್ಲಿ ಎಲ್ಲೇ ಇದ್ದರೂ, ಒಂದೇ ಎಂಜಿನ್ನಿನಲ್ಲಿ 60 ನಿಮಿಷದೊಳಗೆ ಒಂದು ಏರ್‌ಪೋರ್ಟ್ ಮುಟ್ಟುವಂತಿರಬೇಕು ಅಂತ ಅಮೆರಿಕದ ನಿಯಮ. 1964ರಲ್ಲಿ ಮೂರು ಎಂಜಿನ್ನಿನವುಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು. ನಾಲ್ಕಿಟ್ಟರೆ ಎಣ್ಣೆ ಖರ್ಚು, ಎರಡಿಟ್ಟರೆ ಸಮುದ್ರ ದಾಟಲು ಬಿಡುವುದಿಲ್ಲ. ಹಾಗೆ ಮೂರಕ್ಕೆ ಬಂದು ನಿಂತರು.

ಡಗ್ಲಾಸ್, ಲಾಕ್‌ಹೀಡ್ ಎರಡೂ ಒಂದೇ ಗಿರಾಕಿಗಳ ಮಾತು ಕೇಳಿದ್ದರಿಂದ ಹೆಚ್ಚು ಕಡಿಮೆ ಒಂದೇ ಅಳತೆಯ ವಿಮಾನ ಹೊರಗೆ ಬಂತು. ಡಿಸಿ-10 ಮೊದಲು ಹಾರಿದ್ದು 1970ರ ಆಗಸ್ಟ್ 29ರಂದು, ಟ್ರೈಸ್ಟಾರ್ ಅದೇ ವರ್ಷ ನವೆಂಬರ್ 16ರಂದು. ಒಂದೇ ಮಾರುಕಟ್ಟೆಗೆ ಎರಡು ಅಂಗಡಿ. ಇಬ್ಬರೂ ಉದ್ಧಾರ ಆಗಲಿಲ್ಲ.

ನಡುವಿನ ಎಂಜಿನ್ ಡಿಸಿ-10ರಲ್ಲಿ ಒಂದು ರೀತಿ, ಟ್ರೈಸ್ಟಾರ್‌ನಲ್ಲಿ ಇನ್ನೊಂದು ರೀತಿ. ಯಾಕೆ?

ಇದು ನನ್ನ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತದೆ.

ಡಗ್ಲಾಸಿನವರು ನೇರ ದಾರಿ ಹಿಡಿದರು. ಬಾಲದ ಬುಡದಲ್ಲಿ ಒಂದು ಉದ್ದ ಕೊಳವೆ, ಅದರ ಹಿಂತುದಿಯಲ್ಲಿ ಎಂಜಿನ್. ಗಾಳಿ ಮುಂದಿನಿಂದ ನುಗ್ಗಿ ಎಲ್ಲೂ ತಿರುಗದೆ ಎಂಜಿನ್ ಸೇರುತ್ತದೆ. ಎಂಜಿನ್ನಿಗೆ ಇದು ಸುಖ. ಮುಂದೆ ದೊಡ್ಡ ಎಂಜಿನ್ ಹಾಕಬೇಕಾದರೂ ಕಷ್ಟ ಕಡಿಮೆ. ಆದರೆ ಬಾಲದ ರೆಕ್ಕೆಯನ್ನು ಆ ಕೊಳವೆಯ ಮೇಲೆ ಕೂರಿಸಬೇಕು, ಹಾಗಾಗಿ ಚುಕ್ಕಾಣಿಗೆ ಸಿಗುವ ಜಾಗ ಕಡಿಮೆ. ಎಂಜಿನ್ ಬಿಚ್ಚುವವರ ಪಾಡಂತೂ ಕೇಳಬೇಡಿ. ನೆಲದಿಂದ ಅಷ್ಟು ಎತ್ತರದಲ್ಲಿ ನಿಂತು ಕೆಲಸ ಮಾಡಬೇಕು.

ಲಾಕ್‌ಹೀಡಿನವರು ಎಂಜಿನನ್ನು ಕೆಳಗಿಳಿಸಿ ವಿಮಾನದ ಒಡಲಿನ ತುದಿಯಲ್ಲೇ ಇಟ್ಟರು. ಗಾಳಿ ಬರುವ ಬಾಯಿ ಮಾತ್ರ ಬೆನ್ನ ಮೇಲೆ. ಅಲ್ಲಿಂದ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿದ ಕೊಳವೆ ಗಾಳಿಯನ್ನು ಕೆಳಗಿನ ಎಂಜಿನ್ನಿಗೆ ತರುತ್ತದೆ. ಅದಕ್ಕೆ ಎಸ್-ಡಕ್ಟ್ ಅಂತಲೇ ಹೆಸರು. ಬಾಗಿದ ಕೊಳವೆಯಲ್ಲಿ ಗಾಳಿ ಕದಡದ ಹಾಗೆ ನೋಡಿಕೊಳ್ಳುವುದು ಸುಲಭದ ಕೆಲಸ ಅಲ್ಲ. ಆದರೆ ಮಾಡಿದ ಮೇಲೆ ಲಾಭ ಇತ್ತು: ಪೂರ್ತಿ ಎತ್ತರದ ಚುಕ್ಕಾಣಿ, ಕೈಗೆಟಕುವ ಎಂಜಿನ್, ನೋಡಲು ಒಂದೇ ಎರಕದ ಹಾಗೆ ಕಾಣುವ ಬಾಲ. ತೊಂದರೆ ಏನೆಂದರೆ ಆ ಕೊಳವೆ ಒಂದೇ ಎಂಜಿನ್ನಿನ ಅಳತೆಗೆ ಹೊಲಿದದ್ದು. ಅದು ರೋಲ್ಸ್-ರಾಯ್ಸ್ ಕಂಪನಿಯ ಆರ್‌ಬಿ211. ಬೇರೆ ಎಂಜಿನ್ ಹಾಕುವ ದಾರಿ ಟ್ರೈಸ್ಟಾರ್‌ಗೆ ಕೊನೆಯವರೆಗೂ ತೆರೆಯಲಿಲ್ಲ. ಡಿಸಿ-10 ಜನರಲ್ ಎಲೆಕ್ಟ್ರಿಕ್ ಎಂಜಿನ್ನಿನಲ್ಲೂ ಬಂತು, ಪ್ರಾಟ್ ಆಂಡ್ ವಿಟ್ನಿಯದ್ದರಲ್ಲೂ ಬಂತು.

ಹಳೇ ಫೋಟೋ ನೋಡಿ ಯಾವುದು ಅಂತ ಹೇಳುವುದು ಹೇಗೆ?

ಬಾಲ ನೋಡಿ. ಬಾಲವನ್ನು ತೂರಿ ನೇರ ಕೊಳವೆ ಹೋಗಿ, ಒಡಲಿನ ಮೇಲ್ಗಡೆಯೇ ಹೊಗೆ ಬಿಡುವ ಬಾಯಿ ಇದ್ದರೆ ಡಿಸಿ-10. ಬಾಯಿ ಮೇಲಿದ್ದು ಹೊಗೆ ಕೆಳಗೆ ತುದಿಯಲ್ಲಿ ಬರುವಂತಿದ್ದರೆ ಟ್ರೈಸ್ಟಾರ್. ಡಿಸಿ-10ರ ಹಾಗೇ ಇದ್ದು ಇನ್ನೂ ಉದ್ದ, ರೆಕ್ಕೆಯ ತುದಿ ಮೇಲಕ್ಕೆ ಮಡಚಿದ್ದರೆ ಎಂಡಿ-11. ಹೊಟ್ಟೆಯ ನಡುವೆ ಇನ್ನೊಂದು ಜೊತೆ ಚಕ್ರ ಇದ್ದರೆ ಅದು ಡಿಸಿ-10ರ 30 ಅಥವಾ 40ನೇ ಮಾದರಿ, ಇಲ್ಲವೇ ಎಂಡಿ-11. ಟ್ರೈಸ್ಟಾರ್‌ಗೆ ಆ ಚಕ್ರ ಇಲ್ಲ.

ನಮ್ಮ ಅಪ್ಪ 1980ರ ಸುಮಾರಿಗೆ ಬೊಂಬಾಯಿಯಿಂದ ಗಲ್ಫಿಗೆ ಹೋದದ್ದು. ಯಾವ ವಿಮಾನ ಇರಬಹುದು?

ಆಗ ನಮ್ಮ ಕಡೆಯವರಿಗೆ ಬೊಂಬಾಯಿಯೇ ದಾರಿ. ಕೋಝಿಕ್ಕೋಡ್ ಕಡೆಯ ಕರಿಪ್ಪೂರು ಏರ್‌ಪೋರ್ಟ್ ಬಂದದ್ದು 1988ರಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಹಾಗಾಗಿ ಬಸ್ಸು ಹತ್ತಿ ಘಟ್ಟ, ಹೊಳೆ ಎಲ್ಲ ದಾಟಿ ಬೊಂಬಾಯಿಗೆ ಹೋಗುವುದು. ಅಲ್ಲಿ ಯಾರದೋ ಪರಿಚಯದ ರೂಮಿನಲ್ಲಿ ಚಾಪೆ ಹಾಸಿ ವೀಸಾ ಕಾಯುವುದು. ಪ್ರಯಾಣಕ್ಕಿಂತ ಕಾಯುವುದೇ ಜಾಸ್ತಿ.

ವಿಮಾನದ ವಿಷಯಕ್ಕೆ ಬಂದರೆ, ಸೌದಿಯಾ 1975ರಿಂದ, ಗಲ್ಫ್ ಏರ್ 1976ರಿಂದ ಟ್ರೈಸ್ಟಾರ್ ಇಟ್ಟುಕೊಂಡಿದ್ದವು. ಗಲ್ಫ್ ಏರ್‌ನ ಟ್ರೈಸ್ಟಾರ್ ಬೊಂಬಾಯಿಗೆ ಬರುತ್ತಿತ್ತು. ಏರ್ ಇಂಡಿಯಾದಲ್ಲಿ ಹೋಗಿದ್ದರೆ 707 ಅಥವಾ 747 ಇರಬೇಕು. ಹಳೇ ಟಿಕೆಟಿನ ಕೆಂಪು ಕಾರ್ಬನ್ ಹಾಳೆ ಎಲ್ಲಾದರೂ ಟ್ರಂಕಿನ ತಳದಲ್ಲಿ ಸಿಕ್ಕಿದರೆ ಕಂಪನಿಯ ಹೆಸರು, ಫ್ಲೈಟ್ ನಂಬರ್ ನೋಡಿ. ಪಾಸ್‌ಪೋರ್ಟಿನ ಸೀಲಿನಲ್ಲಿ ಅದು ಇರುವುದಿಲ್ಲ.

ಟಿಕೆಟ್ ಇಲ್ಲದಿದ್ದರೆ ಅಪ್ಪನನ್ನೇ ಕೇಳಿ, ಆದರೆ "ಯಾವ ವಿಮಾನ?" ಅಂತ ಕೇಳಬೇಡಿ. ಎಲ್ಲರೂ "ದೊಡ್ಡದು" ಅಂತಾರೆ. ಹೀಗೆ ಕೇಳಿ: ಒಳಗೆ ಓಡಾಡಲು ದಾರಿ ಒಂದಿತ್ತಾ ಎರಡಿತ್ತಾ? ಒಂದಾದರೆ 707. ಒಳಗೆ ಮೇಲಕ್ಕೆ ಹೋಗುವ ಮೆಟ್ಟಿಲು ಇತ್ತಾ? ಇದ್ದರೆ 747. ಬಾಗಿಲು ಪಕ್ಕಕ್ಕೆ ತೆರೆಯಿತಾ, ಇಲ್ಲ ಮೇಲಕ್ಕೆ ಸರಿದು ಚಾವಣಿಯೊಳಗೆ ಮಾಯ ಆಯಿತಾ? ಚಾವಣಿಗೆ ಹೋಯಿತು ಅಂದರೆ ಟ್ರೈಸ್ಟಾರ್ ಅಥವಾ ಡಿಸಿ-10. ಈ ಬಾಗಿಲಿನ ನೆನಪು ಅನೇಕರಿಗೆ ಉಳಿದಿರುತ್ತದೆ. ಮೊದಲ ಸಲ ವಿಮಾನ ಹತ್ತುವವನ ಕಣ್ಣು ಬಾಗಿಲ ಮೇಲೇ ಇರುತ್ತದೆ ಅಲ್ವಾ.

ಏರ್ ಇಂಡಿಯಾ ಮೂರು ಎಂಜಿನ್ನಿನದ್ದು ಕೊಳ್ಳಲೇ ಇಲ್ಲವಾ?

ಕೊಳ್ಳಲಿಲ್ಲ. 747 ಇತ್ತು, ಆಮೇಲೆ ಏರ್‌ಬಸ್ ಎ300, ಎ310 ಬಂತು. 1990ರ ದಶಕದ ನಡುವೆ ಸ್ವಲ್ಪ ಕಾಲ ಟ್ರೈಸ್ಟಾರ್‌ಗಳನ್ನು ಬಾಡಿಗೆಗೆ ತಂದು ಹಾರಿಸಿತ್ತು, ಅಷ್ಟೇ.

ನೆಲದ ಕೆಳಗೆ ಅಡುಗೆಮನೆ ಇತ್ತು ಅನ್ನುವುದು ನಿಜವಾ?

ನಿಜ. ಟ್ರೈಸ್ಟಾರ್‌ನಲ್ಲಿ ಪ್ರಯಾಣಿಕರ ಕಾಲಡಿಯಲ್ಲೇ, ಸಾಮಾನು ತುಂಬುವ ಅಂತಸ್ತಿನಲ್ಲಿ, ಗ್ಯಾಲಿ ಇರುತ್ತಿತ್ತು. ಮೇಲಕ್ಕೆ ಹೋಗಲು ಎರಡು ಪುಟ್ಟ ಲಿಫ್ಟ್. ಒಂದರಲ್ಲಿ ಒಂದು ಟ್ರಾಲಿ ಅಥವಾ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗ. ಡಿಸಿ-10ರಲ್ಲೂ ಕೆಲವು ಕಂಪನಿಗಳು ಕೆಳಗೆ ಗ್ಯಾಲಿ ಮಾಡಿಸಿಕೊಂಡಿದ್ದವು. ಲೆಕ್ಕಾಚಾರ ಸರಳ: ಅಡುಗೆಮನೆ ಕೆಳಗೆ ಹೋದರೆ ಮೇಲೆ ಅಷ್ಟು ಸೀಟು ಜಾಸ್ತಿ.

ನಮಗೆ ಕೇಟರಿಂಗಿನವರಿಗೆ ಇದು ವರ. ಬೇರೆ ವಿಮಾನಕ್ಕಾದರೆ ಲಾರಿಯ ಡಬ್ಬವನ್ನು ಕತ್ತರಿ ಕಾಲಿನ ಮೇಲೆ ಬಾಗಿಲ ಎತ್ತರಕ್ಕೆ ಏರಿಸಬೇಕು. ಗಾಳಿ ಜೋರಾಗಿದ್ದರೆ ಮೇಲೆ ನಿಂತವನ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ. ಕೆಳಗಿನ ಗ್ಯಾಲಿಗೆ ಒಡಲಿನ ತಗ್ಗಿನಲ್ಲೇ ಬೇರೆ ಬಾಗಿಲು. ಲಾರಿ ಅಷ್ಟೊಂದು ಏಳಬೇಕಾಗಿಲ್ಲ, ಬೇಗ ಬೇಗ ತುಂಬಿ ಹೊರಡಬಹುದು. ನಾವು ಪ್ರಯಾಣಿಕರ ಮುಖವನ್ನೇ ನೋಡುತ್ತಿರಲಿಲ್ಲ. ಅವರ ಚಪ್ಪಲಿಯ ಸದ್ದು ಮಾತ್ರ ತಲೆಯ ಮೇಲೆ. ಕೆಳಗೆ ಒಬ್ಬರೇ ನಿಂತು ಊಟ ಬಿಸಿ ಮಾಡಬೇಕಾದ ಗಗನಸಖಿಯರಿಗೆ ಅದು ಅಷ್ಟೇನೂ ಇಷ್ಟ ಇರಲಿಲ್ಲ ಅನ್ನಿಸುತ್ತದೆ. ಆದರೂ ಕಿರಿಕಿರಿ ಮಾಡುವ ಪ್ರಯಾಣಿಕರಿಂದ ತಪ್ಪಿಸಿಕೊಳ್ಳಲು ಒಂದು ಜಾಗ ಸಿಕ್ಕಿತಲ್ಲ! ದೂರ ಹಾರಲೆಂದು ಮಾಡಿದ ಗಿಡ್ಡ ಮಾದರಿ ಎಲ್-1011-500ರಲ್ಲಿ ಗ್ಯಾಲಿಯನ್ನು ಮತ್ತೆ ಮೇಲೆ ತಂದರು. ಕೆಳಗಿನ ಜಾಗ ಸರಕಿಗೆ ಬೇಕಾಯಿತು.

ಟ್ರೈಸ್ಟಾರ್ ತನ್ನಷ್ಟಕ್ಕೇ ಇಳಿಯುತ್ತಿತ್ತಂತೆ?

ಹೌದು, ಮಂಜು ಮುಸುಕಿದಾಗಲೂ. 1972ರ ಮೇ 25ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಿಂದ ವಾಷಿಂಗ್ಟನ್ ಹತ್ತಿರದ ಡಲೆಸ್ ಏರ್‌ಪೋರ್ಟಿಗೆ ಒಂದು ಟ್ರೈಸ್ಟಾರ್ ಹಾರಿತು. ರನ್‌ವೇಯಲ್ಲಿ ಓಡಲು ಶುರು ಮಾಡಿದ್ದರಿಂದ ಹಿಡಿದು ಇಳಿಯುವವರೆಗೆ ವಿಮಾನವನ್ನು ನಡೆಸಿದ್ದು ಅದರ ಯಂತ್ರವೇ. ಒಳಗೆ ನೂರಕ್ಕೂ ಹೆಚ್ಚು ಜನ ಇದ್ದರು, ಪತ್ರಕರ್ತರೂ ಸೇರಿ.

ಇನ್ನೊಂದು ಜಾಣತನ ಇತ್ತು. ಬೇರೆ ವಿಮಾನ ಇಳಿಯುವಾಗ ಸ್ವಲ್ಪ ಮೇಲಾದರೆ ಮೂಗು ತಗ್ಗಿಸಬೇಕು, ಕೆಳಗಾದರೆ ಎತ್ತಬೇಕು. ಟ್ರೈಸ್ಟಾರ್ ರೆಕ್ಕೆಯ ಮೇಲಿನ ಹಲಗೆಗಳನ್ನು ಇಳಿಯುವ ಹೊತ್ತಿಗೆ ಅರೆಬರೆ ಎತ್ತಿಟ್ಟುಕೊಳ್ಳುತ್ತದೆ. ಪೈಲಟ್ ಕೋಲು ಎಳೆದ ಹಾಗೆ ಅವು ಕೂಡಲೇ ಏರುತ್ತವೆ, ತಗ್ಗುತ್ತವೆ. ಮೂಗು ಅಲ್ಲಾಡುವುದಿಲ್ಲ, ಇಡೀ ವಿಮಾನವೇ ಮೇಲೆ ಕೆಳಗೆ ಸರಿಯುತ್ತದೆ. ರೆಕ್ಕೆಯ ಹಿಂದಿನ ಕಿಟಕಿಯಲ್ಲಿ ಕೂತವರಿಗೆ ಆ ಹಲಗೆಗಳು ಸುಮ್ನೆ ಪಟಪಟ ಅಲ್ಲಾಡುವುದು ಕಾಣುತ್ತದೆ. ಏನೋ ಬಿಚ್ಚಿ ಹೋಗುತ್ತಿದೆ ಅಂತ ಹೆದರಿ ದೇವರ ನಾಮ ಹೇಳಿದವರು ನಮ್ಮೂರಿನಲ್ಲೇ ಇದ್ದಾರೆ.

ಅಷ್ಟು ಒಳ್ಳೆಯದಾಗಿದ್ದರೆ ಯಾಕೆ ಓಡಲಿಲ್ಲ?

ಮೇಲೆ ಹೇಳಿದ ಎಸ್-ಡಕ್ಟ್ ನೆನಪು ಮಾಡಿಕೊಳ್ಳಿ. ಟ್ರೈಸ್ಟಾರ್‌ನ ಹಣೆಬರಹ ಒಂದೇ ಎಂಜಿನ್ ಕಂಪನಿಯ ಕೈಯಲ್ಲಿ ಇತ್ತು. ರೋಲ್ಸ್-ರಾಯ್ಸ್ ಆ ಎಂಜಿನ್ನಿನ ಫ್ಯಾನಿಗೆ ಹಗುರವಾದ ಕಾರ್ಬನ್ ನಾರಿನ ಎಲೆಗಳನ್ನು ಮಾಡಲು ಹೋಯಿತು. ಹಕ್ಕಿ ಬಡಿದರೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಿದಾಗ ಅವು ತಡೆಯಲಿಲ್ಲ. ಟೈಟಾನಿಯಂಗೆ ಬದಲಾಯಿಸಿದರು, ಖರ್ಚು ಏರಿತು. 1971ರ ಫೆಬ್ರವರಿ 4ರಂದು ಕಂಪನಿಯೇ ದಿವಾಳಿ. ಬ್ರಿಟನ್ ಸರಕಾರ ಅದನ್ನು ತನ್ನದು ಮಾಡಿಕೊಂಡಿತು. ಇತ್ತ ಲಾಕ್‌ಹೀಡ್ ಉಳಿಸಲು ಅಮೆರಿಕ ಸರಕಾರ 25 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಲ್ಲಬೇಕಾಯಿತು. ಸೆನೆಟ್ಟಿನಲ್ಲಿ ಅದು ಪಾಸಾದದ್ದು ಒಂದೇ ಒಂದು ಮತದಿಂದ.

ಇಷ್ಟರಲ್ಲಿ ಡಿಸಿ-10 ಮಾರುಕಟ್ಟೆಗೆ ಬಂದಾಗಿತ್ತು. ಅದು 1971ರ ಆಗಸ್ಟಿನಲ್ಲಿ ಪ್ರಯಾಣಿಕರನ್ನು ಹೊತ್ತರೆ ಟ್ರೈಸ್ಟಾರ್ 1972ರ ಏಪ್ರಿಲ್‌ನಲ್ಲಿ. ಸಾಲದ್ದಕ್ಕೆ ಜಪಾನಿನಲ್ಲಿ ಟ್ರೈಸ್ಟಾರ್ ಮಾರಲು ಲಂಚ ಕೊಟ್ಟ ಹಗರಣ. ಅದರಲ್ಲಿ ಮಾಜಿ ಪ್ರಧಾನಿ ತನಾಕಾ ಕಾಕುಏ 1976ರಲ್ಲಿ ಬಂಧನಕ್ಕೊಳಗಾದರು. ಕೊನೆಗೆ ಆದದ್ದು 250 ಟ್ರೈಸ್ಟಾರ್. ಡಿಸಿ-10 ಮಿಲಿಟರಿಯ ಟ್ಯಾಂಕರುಗಳೂ ಸೇರಿ 446. ಲಾಕ್‌ಹೀಡ್ ಅದಾದ ಮೇಲೆ ಪ್ರಯಾಣಿಕ ವಿಮಾನದ ಸಹವಾಸವನ್ನೇ ಬಿಟ್ಟಿತು. ನನ್ನ ಮಟ್ಟಿಗೆ ಮೂರರಲ್ಲಿ ಒಳ್ಳೆಯ ಎಂಜಿನಿಯರಿಂಗ್ ಟ್ರೈಸ್ಟಾರ್‌ನದ್ದೇ. ಡಿಸಿ-10 ಇಷ್ಟಪಡುವ ಗೆಳೆಯರು ಇದಕ್ಕೆ ಜಗಳ ತೆಗೆಯುತ್ತಾರೆ, ತೆಗೆಯಲಿ.

ಡಿಸಿ-10 ಅಪಾಯದ ವಿಮಾನವಾ?

2010ರ ಮೇ 22ರಂದು ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಲ್ಲಿ ಆದ ವಿಮಾನ ದುರಂತದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಜನರನ್ನು ಕಳೆದುಕೊಂಡವು. ಆದ್ದರಿಂದ ಅಪಘಾತದ ಮಾತನ್ನು ಇಲ್ಲಿ ರೋಚಕ ಕತೆಯ ಹಾಗೆ ಹೇಳುವುದಿಲ್ಲ. ಆದದ್ದನ್ನು ಹೇಳುತ್ತೇನೆ.

1974ರ ಮಾರ್ಚ್ 3ರಂದು ಪ್ಯಾರಿಸ್ ಹತ್ತಿರ ಟರ್ಕಿಶ್ ಏರ್‌ಲೈನ್ಸಿನ ಡಿಸಿ-10 ಬಿದ್ದು 346 ಜನ ತೀರಿಕೊಂಡರು. ಸಾಮಾನು ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಸರಿಯಾಗಿ ಕೊಂಡಿ ಬೀಳದಿದ್ದರೂ ಹಾಕಿದ ಹಾಗೆ ಕಾಣುತ್ತಿತ್ತು. ಮೇಲೆ ಹೋದಾಗ ಅದು ಹಾರಿಹೋಯಿತು. ಕೆಳಗಿನ ಗಾಳಿ ಹೊರಗೆ ನುಗ್ಗಿ, ಮೇಲಿನ ನೆಲ ಕುಸಿಯಿತು. ವಿಮಾನ ನಡೆಸುವ ತಂತಿಗಳು ಆ ನೆಲದ ಕೆಳಗೇ ಇದ್ದವು. ಇದೇ ಬಾಗಿಲು 1972ರಲ್ಲಿ ಕೆನಡಾದ ವಿಂಡ್ಸರ್ ಮೇಲೆ ಒಂದು ಸಲ ಹಾರಿಹೋಗಿತ್ತು. ಅದೃಷ್ಟಕ್ಕೆ ಎಲ್ಲರೂ ಬದುಕಿದ್ದರು. ಅಂದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು.

ಪ್ಯಾರಿಸ್‌ನಲ್ಲಿ ಬಾಗಿಲು ಮುಚ್ಚಿದ ಕೆಲಸಗಾರ ಅಲ್ಜೀರಿಯಾದವನು. ಮೂರು ಭಾಷೆ ಓದಲು ಬರೆಯಲು ಬರುತ್ತಿತ್ತು. ಬಾಗಿಲ ಮೇಲಿನ ಸೂಚನೆ ಇದ್ದದ್ದು ಇಂಗ್ಲಿಷ್ ಮತ್ತು ಟರ್ಕಿಶ್‌ನಲ್ಲಿ. ಅವೆರಡೂ ಅವನಿಗೆ ಬರುತ್ತಿರಲಿಲ್ಲ. ಓದಲಾಗದ ಲಿಪಿಯ ಫಾರಂ ಹಿಡಿದು ಕೌಂಟರಿನ ಮುಂದೆ ನಿಂತ ಗಡಿನಾಡಿನ ನಮಗೆ ಅವನನ್ನು ಬೈಯಲು ಮನಸ್ಸು ಬರುವುದಿಲ್ಲ. ತಪ್ಪು ಮುಚ್ಚಿದವನದ್ದಲ್ಲ, ಹಾಗೆ ಮುಚ್ಚಲು ಬಿಡುವ ಬಾಗಿಲಿನದ್ದು.

1979ರ ಮೇ 25ರಂದು ಶಿಕಾಗೋದಲ್ಲಿ ಏರುತ್ತಿದ್ದ ಡಿಸಿ-10ರ ಎಡ ಎಂಜಿನ್ ಕಳಚಿ ಬಿತ್ತು. ನೆಲದಲ್ಲಿದ್ದ ಇಬ್ಬರೂ ಸೇರಿ 273 ಜನ ಹೋದರು. ಎಂಜಿನ್ ಬಿಚ್ಚಿ ಕೂರಿಸುವಾಗ ಹೊತ್ತು ಉಳಿಸಲು ಫೋರ್ಕ್‌ಲಿಫ್ಟ್ ಬಳಸಿ, ಅದನ್ನು ಹಿಡಿದ ಪೈಲಾನಿಗೆ ಬಿರುಕು ಬಿದ್ದಿತ್ತು. ಆ ವರ್ಷ ಅಮೆರಿಕದಲ್ಲಿ ಡಿಸಿ-10ರ ಪರವಾನಗಿಯನ್ನೇ ಐದಾರು ವಾರ ತಡೆಹಿಡಿದರು.

ಟ್ರೈಸ್ಟಾರ್‌ಗೂ ಕಪ್ಪು ದಿನಗಳಿವೆ. 1980ರ ಆಗಸ್ಟ್ 19ರಂದು ಕರಾಚಿಯಿಂದ ಬಂದು ರಿಯಾದ್ ಬಿಟ್ಟ ಸೌದಿಯಾ ವಿಮಾನಕ್ಕೆ ಬೆಂಕಿ ಹಿಡಿಯಿತು. ವಾಪಸ್ ಬಂದು ಇಳಿಯಿತು, ಆದರೆ ಬಾಗಿಲು ಹೊತ್ತಿಗೆ ತೆರೆಯಲಿಲ್ಲ. 301 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಡುವಿನ ಎಂಜಿನ್ ಒಡೆದರೆ ಏನಾಗುತ್ತದೆ?

1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸಿನ ಫ್ಲೈಟ್ 232 ಆಗಿ ಹೋಗುತ್ತಿದ್ದ ಡಿಸಿ-10ಕ್ಕೆ ಅದೇ ಆಯಿತು. ಬಾಲದ ಎಂಜಿನ್ನಿನ ಫ್ಯಾನ್ ಚಕ್ರ ಸಿಡಿಯಿತು. ಡಿಸಿ-10ರಲ್ಲಿ ಒಂದಲ್ಲ, ಮೂರು ಹೈಡ್ರಾಲಿಕ್ ವ್ಯವಸ್ಥೆ ಇತ್ತು, ಅಂದರೆ ಪೈಪಿನೊಳಗಿನ ಎಣ್ಣೆಯ ಒತ್ತಡದಿಂದ ಚುಕ್ಕಾಣಿ, ರೆಕ್ಕೆಯ ಹಲಗೆಗಳನ್ನು ಅಲ್ಲಾಡಿಸುವ ಏರ್ಪಾಡು. ಆದರೆ ಮೂರರ ಪೈಪೂ ಬಾಲದಲ್ಲಿ ಹತ್ತಿರ ಹತ್ತಿರ ಹೋಗಿತ್ತು. ತೋಟಕ್ಕೆ ಮೂರು ಪಂಪಿನಿಂದ ಮೂರು ಪೈಪು ಎಳೆದು, ಮೂರನ್ನೂ ಒಂದೇ ಕಣಿಯಲ್ಲಿ ಹೂತರೆ ಜೆಸಿಬಿಯ ಒಂದೇ ಏಟು ಸಾಕಲ್ಲ, ಹಾಗೆ. ಹೈಡ್ರಾಲಿಕ್ ಎಣ್ಣೆಯೆಲ್ಲ ಸೋರಿಹೋಯಿತು.

ಕ್ಯಾಪ್ಟನ್ ಆಲ್ ಹೇನ್ಸ್, ಅವರ ಸಿಬ್ಬಂದಿ, ಮತ್ತೆ ಪ್ರಯಾಣಿಕನಾಗಿ ಕೂತಿದ್ದ ತರಬೇತಿ ಪೈಲಟ್ ಡೆನ್ನಿ ಫಿಚ್ ಸೇರಿ ಉಳಿದ ಎರಡು ಎಂಜಿನ್ನಿನ ವೇಗ ಏರಿಸಿ ಇಳಿಸಿ ವಿಮಾನವನ್ನು ಸಿಯೂ ಸಿಟಿಗೆ ತಂದರು. ಇಳಿಯುವಾಗ ಮುರಿದು ಉರಿಯಿತು. 296 ಜನರಲ್ಲಿ 184 ಜನ ಬದುಕಿದರು. ಇದರಿಂದ ಕಲಿತು ನಾಸಾದವರು ಎಂಜಿನ್ ಶಕ್ತಿಯೊಂದರಿಂದಲೇ ಇಳಿಸುವ ಕಂಪ್ಯೂಟರ್ ವ್ಯವಸ್ಥೆ ಮಾಡಿದರು. 1995ರಲ್ಲಿ ಒಂದು ಎಂಡಿ-11ನ್ನು ಹಾಗೆ ಇಳಿಸಿಯೂ ತೋರಿಸಿದರು. ಟ್ರೈಸ್ಟಾರ್‌ನಲ್ಲಿ ಹೈಡ್ರಾಲಿಕ್ ವ್ಯವಸ್ಥೆ ನಾಲ್ಕು.

ಎಂಡಿ-11 ಯಾಕೆ ಸರಕು ವಿಮಾನ ಆಯಿತು?

ಹೇಳಿದಷ್ಟು ದೂರ ಹಾರಲಿಲ್ಲ. 1990ರ ಕೊನೆಗೆ ಫಿನ್‌ಏರ್‌ನಲ್ಲಿ ಕೆಲಸಕ್ಕೆ ಬಂದಾಗ ಎಣ್ಣೆ ಖರ್ಚು ಲೆಕ್ಕಕ್ಕಿಂತ ಜಾಸ್ತಿ ಬಂತು. ಸಿಂಗಾಪುರ್ ಏರ್‌ಲೈನ್ಸ್ ತನ್ನ ಆರ್ಡರ್ ವಾಪಸ್ ತೆಗೆದು ಏರ್‌ಬಸ್ ಎ340ಕ್ಕೆ ಹೋಯಿತು. ಗಾಳಿಯ ತಡೆ ಕಡಿಮೆ ಮಾಡಲು ಬಾಲದ ಅಡ್ಡ ರೆಕ್ಕೆಯನ್ನು ಡಿಸಿ-10ಕ್ಕಿಂತ ಚಿಕ್ಕದು ಮಾಡಿ, ಅದರಲ್ಲಿ ಎಣ್ಣೆ ತುಂಬಿ ತೂಕ ಸರಿದೂಗಿಸಿದರು. ಜಾಣ ಉಪಾಯವೇ, ಆದರೆ ಇಳಿಯುವ ವೇಗ ಜಾಸ್ತಿ, ಪೈಲಟ್ ಕೈ ಬಹಳ ಹದವಾಗಿರಬೇಕು. ನೆಲಕ್ಕೆ ಪುಟಿದು ಮಗುಚಿದ ಅಪಘಾತಗಳು ಆಗಿವೆ, 2009ರಲ್ಲಿ ಜಪಾನಿನ ನರಿತಾ ಏರ್‌ಪೋರ್ಟಿನಲ್ಲಿ ಆದದ್ದು ಅದರಲ್ಲಿ ಒಂದು. 200 ತಯಾರಾಗಿ ನಿಂತಿತು. ಒಡಲು ದೊಡ್ಡದು, ಸೆಕೆಂಡ್ ಹ್ಯಾಂಡ್ ಬೆಲೆ ಕಡಿಮೆ. ಫೆಡೆಕ್ಸ್, ಯುಪಿಎಸ್, ಲುಫ್ತಾನ್ಸಾ ಕಾರ್ಗೋ ಅದನ್ನು ಚೆನ್ನಾಗಿ ದುಡಿಸಿದವು. ಲುಫ್ತಾನ್ಸಾದ್ದು ಬೆಂಗಳೂರಿಗೂ ಬರುತ್ತಿತ್ತು.

ಬಜ್ಪೆಯಲ್ಲಿ ಇಂಥದ್ದು ಇಳಿಯಬಹುದಿತ್ತಾ?

ಹಳೇ ರನ್‌ವೇಯಲ್ಲಿ ಸಾಧ್ಯವೇ ಇಲ್ಲ, ಅದು ಸುಮಾರು 1,600 ಮೀಟರ್ ಅಷ್ಟೇ. 2,450 ಮೀಟರಿನ ಹೊಸದು 2006ರಲ್ಲಿ ಬಂತು. ಅಷ್ಟು ಹೊತ್ತಿಗೆ ಇವುಗಳ ಕಾಲ ಮುಗಿದಿತ್ತು.

ಮತ್ತೆ ಎಲ್ಲ ಎಲ್ಲಿ ಹೋದವು?

60 ನಿಮಿಷದ ನಿಯಮ ಸಡಿಲ ಆಯಿತು. 1985ರಲ್ಲಿ ಎರಡು ಎಂಜಿನ್ನಿನ 767ಕ್ಕೆ 120 ನಿಮಿಷ ದೂರದವರೆಗೆ ಅನುಮತಿ ಸಿಕ್ಕಿತು, 1988ರಲ್ಲಿ 180 ನಿಮಿಷ. ಎಂಜಿನ್ ನಂಬಿಕೆಗೆ ಅರ್ಹ ಆದ ಮೇಲೆ ಮೂರನೆಯದನ್ನು ಸಾಕುವುದು ಯಾಕೆ? ಫ್ರಾಂಕ್ ಕೋಲ್ಕ್ 1966ರಲ್ಲಿ ಕೇಳಿದ್ದ ಎರಡು ಎಂಜಿನ್ನಿನ ಅಗಲ ವಿಮಾನವೇ ಕೊನೆಗೆ ಗೆದ್ದದ್ದು.

ಡಿಸಿ-10ರಲ್ಲಿ ಟಿಕೆಟ್ ತೆಗೆದು ಹೋಗುವ ಕೊನೆಯ ಅವಕಾಶ ನಮ್ಮ ನೆರೆಯ ಬಾಂಗ್ಲಾದೇಶದ ಬಿಮಾನ್‌ನಲ್ಲಿ 2014ರ ಫೆಬ್ರವರಿಗೆ ಮುಗಿಯಿತು. ಅದೇ ವರ್ಷ ಕೆಎಲ್ಎಂ ತನ್ನ ಎಂಡಿ-11 ನಿಲ್ಲಿಸಿತು. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್‌ನ ಎಂಡಿ-11 ಏರುವಾಗ ಎಡ ಎಂಜಿನ್ ಪೈಲಾನ್ ಸಮೇತ ಕಳಚಿತು. ಶಿಕಾಗೋ ನೆನಪಾಗದವರು ಯಾರು? ಅದಾದ ಮೇಲೆ ಅಮೆರಿಕ ಎಂಡಿ-11ಗಳ ಹಾರಾಟ ನಿಲ್ಲಿಸಿತು.

ಬೇರೆ ಬೇರೆ ಕೆಲಸಕ್ಕೆ ಹೋದವೂ ಇವೆ. ಸುಮಾರು 35,000 ಲೀಟರ್ ಹೊತ್ತು ಕಾಡ್ಗಿಚ್ಚು ಆರಿಸಿದ ಡಿಸಿ-10ಗಳು. ಆರ್ಬಿಸ್ ಸಂಸ್ಥೆಯ ಹಾರುವ ಕಣ್ಣಾಸ್ಪತ್ರೆಯಾದ ಡಿಸಿ-10. 1974ರ ಒಂದು ಟ್ರೈಸ್ಟಾರ್ 'ಸ್ಟಾರ್‌ಗೇಜರ್' ಆಗಿ ಹೊಟ್ಟೆಯಡಿ ಪೆಗಾಸಸ್ ರಾಕೆಟ್ ಕಟ್ಟಿಕೊಂಡು ಮೇಲಿಂದ ಉಡಾಯಿಸಿದೆ.

ಮೊಮ್ಮಗನಿಗೆ ಮಾಡೆಲ್ ಕೊಡಿಸಬೇಕು. ಯಾವುದು ತೆಗೆದುಕೊಳ್ಳಲಿ?

ಟ್ರೈಸ್ಟಾರ್. 1:200 ಅಳತೆಯದ್ದಾದರೆ ಸುಮಾರು 27 ಸೆಂಟಿಮೀಟರ್ ಉದ್ದ ಬರುತ್ತದೆ, ಶೋಕೇಸಿಗೆ ಸರಿ. 1:400ರದ್ದು ಅದರ ಅರ್ಧ, ಬಾಲದ ಚಂದ ಕಾಣುವುದಿಲ್ಲ. ತಗೊಳ್ಳುವ ಮೊದಲು ಹಿಂದಿನಿಂದ ತೆಗೆದ ಫೋಟೋ ಕೇಳಿ. ಹೊಗೆಯ ಬಾಯಿ ಒಡಲಿನ ತುದಿಯಲ್ಲೇ ಇರಬೇಕು. ಮೇಲೆ ಇದ್ದರೆ ಅವರು ಡಿಸಿ-10ಕ್ಕೆ ಬೇರೆ ಬಣ್ಣ ಬಳಿದು ಮಾರುತ್ತಿದ್ದಾರೆ ಅಂತ ತಿಳಿಯಿರಿ.